ಕಲ್ಲುಹವಳ ಬೇರೂರಲು ಏನು ಬೇಕು? ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಯ ಉಪ್ಪುನೀರಿನ ಟ್ಯಾಂಕಿನ ಕುರಿತು ನಾವು ಪ್ರಶ್ನೆಗಳನ್ನು ಆಹ್ವಾನಿಸಿದಾಗ ಬಂದ ಪತ್ರಗಳಲ್ಲಿ ಹೆಚ್ಚಿನವು ಸಣ್ಣ ಪಾಲಿಪ್‌ಗಳ (ಹವಳವನ್ನು ಕಟ್ಟುವ ಪುಟ್ಟ ಜೀವಿಗಳ) ಕಲ್ಲುಹವಳಗಳಿಗೆ ಸಂಬಂಧಿಸಿದ್ದವು. ಹವ್ಯಾಸಿಗಳು ಎಸ್‌ಪಿಎಸ್ ಎಂದು ಕರೆಯುವ ಆಕ್ರೋಪೊರಾ, ಮಾಂಟಿಪೊರಾ, ಸೀರಿಯಾಟೊಪೊರಾ, ಸ್ಟೈಲೊಫೊರಾ ಮೊದಲಾದವು ಈ ಗುಂಪಿಗೆ ಸೇರುತ್ತವೆ. ಬೆಂಗಳೂರಿನ ಓದುಗರ ಕೆಲವು ಪ್ರಶ್ನೆಗಳನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ. ಹವಳ ಕೊಳ್ಳುವ ಯೋಚನೆಯಲ್ಲಿರುವವರು ಮಲ್ಲೇಶ್ವರದ ಓದುಗರಿಗೆ ಕೊಟ್ಟ ಉತ್ತರವನ್ನು ಮೊದಲು ಓದಬೇಕೆಂದು ಕೋರುತ್ತೇವೆ.

ಪ್ರಶ್ನೆ: ನಮ್ಮದು 250 ಲೀಟರಿನ ಟ್ಯಾಂಕ್. ಹವಳದ ಫ್ರ್ಯಾಗ್‌ಗಳನ್ನು (ನೆಡುವ ಸಣ್ಣ ತುಂಡುಗಳನ್ನು) ಸೂಪರ್ ಗ್ಲೂ ಜೆಲ್‌ನಿಂದ ಬಂಡೆಗೆ ಅಂಟಿಸುತ್ತೇನೆ. ವಾರ ಕಳೆಯುವುದರೊಳಗೆ ಒಂದಲ್ಲ ಒಂದು ಕಳಚಿಕೊಂಡು ಮರಳಿನ ಮೇಲೆ ಬಿದ್ದಿರುತ್ತದೆ. ಎಪಾಕ್ಸಿ ಬಳಸಿದರೆ, ನೊರೆಯೆಬ್ಬಿಸಿ ನೀರಿನ ಕೊಳೆ ತೆಗೆಯುವ ಸ್ಕಿಮ್ಮರ್ ಉಕ್ಕಿ ಹರಿಯುತ್ತದೆ. ಗಟ್ಟಿಯಾಗಿ ಕೂರಿಸುವ ಕ್ರಮವನ್ನು ತಿಳಿಸಿ.
— ಓದುಗರು, ಬನಶಂಕರಿ

ಉತ್ತರ: ನಿಮ್ಮ ಅಂಟಿನಲ್ಲಿ ದೋಷವಿರುವ ಸಾಧ್ಯತೆ ಕಡಿಮೆ. ಟ್ಯಾಂಕಿನಲ್ಲಿ ಕೆಲವು ತಿಂಗಳು ಇದ್ದ ಬಂಡೆಯ ಮೇಲೆ ಪಾಚಿ, ಬ್ಯಾಕ್ಟೀರಿಯಾ ಮತ್ತು ಸಣ್ಣ ಕಸದ ತೆಳುವಾದ ಲೋಳೆಪದರ ಕಟ್ಟಿರುತ್ತದೆ. ನೀವು ಹಾಕಿದ ಅಂಟು ಆ ಪದರವನ್ನು ಹಿಡಿದುಕೊಳ್ಳುತ್ತದೆಯೇ ಹೊರತು ಕಲ್ಲನ್ನು ಹಿಡಿದುಕೊಳ್ಳುವುದಿಲ್ಲ. ಪದರ ಸಡಿಲವಾದ ದಿನ ಹವಳವೂ ಅದರೊಂದಿಗೆ ಕಳಚಿ ಬರುತ್ತದೆ. ಕಳಚಿ ಬಿದ್ದ ಫ್ರ್ಯಾಗ್‌ನ ಅಡಿಯನ್ನು ತಿರುಗಿಸಿ ನೋಡಿ. ಒಣಗಿದ ಅಂಟಿನ ಮೇಲೆ ಹಸಿರು ಅಥವಾ ಕಂದು ಬಣ್ಣದ ನಯವಾದ ಲೇಪ ಕಂಡರೆ ಕಾರಣ ಇದೇ ಎಂದು ತಿಳಿಯಿರಿ. ಆದ್ದರಿಂದ ಕೂರಿಸುವ ಜಾಗವನ್ನು ಗಟ್ಟಿ ಎಳೆಗಳ ಹೊಸ ಟೂತ್‌ಬ್ರಷ್‌ನಿಂದ ಬಿಳಿ ಕಲ್ಲು ಕಾಣುವ ತನಕ ಉಜ್ಜುವುದು ಮೊದಲ ಕೆಲಸ. ಬಂಡೆಯನ್ನು ಹೊರಗೆ ತೆಗೆಯಲು ಸಾಧ್ಯವಿದ್ದರೆ ಇನ್ನೂ ಒಳ್ಳೆಯದು. ಕಲ್ಲಿನ ಮೇಲಿನ ನೀರನ್ನು ಒತ್ತಿ ಒರೆಸಿ ಅಂಟಿಸಿದ ಹವಳ ಅಪರೂಪಕ್ಕೂ ಬೀಳುವುದಿಲ್ಲ.

ಎರಡನೆಯದಾಗಿ, ಸೂಪರ್ ಗ್ಲೂನಲ್ಲಿರುವ ಸಯನೊಅಕ್ರಿಲೇಟ್ ತೇವಾಂಶದ ಸಂಪರ್ಕದಿಂದಲೇ ಗಟ್ಟಿಯಾಗುವಂಥದ್ದು. ಜೆಲ್ ಹಚ್ಚಿದ ಹವಳವನ್ನು ನೀರಿಗೆ ಇಳಿಸಿದ ಕ್ಷಣದಲ್ಲೇ ಅಂಟಿನ ಹೊರಮೈ ಮೇಲೆ ಬಿಳಿಯ ತೊಗಲು ಕಟ್ಟಿಕೊಳ್ಳುತ್ತದೆ. ಆ ತೊಗಲಿನ ಸಮೇತ ಬಂಡೆಯ ಮೇಲೆ ಮೆಲ್ಲಗೆ ಇಟ್ಟು ಕೈ ಬಿಟ್ಟರೆ ಒಳಗಿನ ಹಸಿ ಅಂಟು ಕಲ್ಲನ್ನು ಮುಟ್ಟುವುದೇ ಇಲ್ಲ. ಬಂಡೆಗೆ ಒತ್ತಿ, ಕಾಲು ಸುತ್ತಿನಷ್ಟು ಅತ್ತಿತ್ತ ತಿರುಗಿಸಿದರೆ ತೊಗಲು ಹರಿದು ಹೊಸ ಅಂಟು ಕಲ್ಲಿನ ರಂಧ್ರಗಳೊಳಗೆ ಇಳಿಯುತ್ತದೆ. ಅನಂತರ ಅರ್ಧ ನಿಮಿಷ ಅಲುಗಿಸದೆ ಹಿಡಿದುಕೊಂಡಿರಬೇಕು. ಅಲೆಯೆಬ್ಬಿಸುವ ವೇವ್‌ಮೇಕರ್ ಮತ್ತು ಶೋಧಿಸಿದ ನೀರನ್ನು ಟ್ಯಾಂಕಿಗೆ ಹಿಂದಿರುಗಿಸುವ ರಿಟರ್ನ್ ಪಂಪ್‌ಗಳನ್ನು ಮೊದಲೇ ನಿಲ್ಲಿಸಿ, ಅಂಟಿಸಿದ ಮೇಲೆ ಹದಿನೈದು-ಇಪ್ಪತ್ತು ನಿಮಿಷ ಹಾಗೆಯೇ ಬಿಡಿ. ತೆಳುವಾದ ದ್ರವರೂಪದ ಸೂಪರ್ ಗ್ಲೂ ಈ ಕೆಲಸಕ್ಕೆ ಬರುವುದಿಲ್ಲ, ಅದು ಹರಿದು ಹೋಗುತ್ತದೆ. ದಪ್ಪ ಜೆಲ್ಲೇ ಬೇಕು.

ಮೂರನೆಯ ವಿಷಯವೇ ಬಹುಮಟ್ಟಿಗೆ ಮರೆತುಹೋಗುವಂಥದ್ದು. ಸೂಪರ್ ಗ್ಲೂ ಎಳೆತವನ್ನು ತಾಳುತ್ತದೆ, ಪಕ್ಕದಿಂದ ಬೀಳುವ ತಳ್ಳುವಿಕೆಯನ್ನು ಅಷ್ಟಾಗಿ ತಾಳುವುದಿಲ್ಲ. ಬಸವನಹುಳು ಏರಿ ಬಂದರೂ ಸಾಕು, ಒಣಗಿದ ಅಂಟು ಬಿರುಕು ಬಿಡುತ್ತದೆ. ಆದ್ದರಿಂದ ಸಪಾಟಾದ ಜಾಗವನ್ನು ಬಿಟ್ಟು ಗುಳಿ, ಬಿರುಕು ಅಥವಾ ರಂಧ್ರವಿರುವ ಜಾಗವನ್ನು ಆರಿಸಿಕೊಳ್ಳಿ. ಹೊಸ ಬಂಡೆಯಾದರೆ ಒಣಗಿರುವಾಗಲೇ ಗೋಡೆಗೆ ಬಳಸುವ ಡ್ರಿಲ್ ಬಿಟ್‌ನಿಂದ ಅಲ್ಲಲ್ಲಿ ರಂಧ್ರಗಳನ್ನು ಕೊರೆದಿಟ್ಟುಕೊಳ್ಳಬಹುದು. ಪ್ಲಗ್‌ನ (ಫ್ರ್ಯಾಗ್ ಕೂರಿಸಿರುವ ಸಣ್ಣ ಬಿಲ್ಲೆಯ) ಕಾಲು ಅದರೊಳಗೆ ಸರಿಯಾಗಿ ಕುಳಿತುಕೊಳ್ಳುತ್ತದೆ. ಸ್ವಲ್ಪ ತೂಕದ ಹವಳಕ್ಕೆ ಅಂಟು ಮತ್ತು ಎಪಾಕ್ಸಿ ಎರಡನ್ನೂ ಸೇರಿಸಬೇಕು. ಹವಳದ ಬುಡಕ್ಕೆ ಜೆಲ್, ಅದರ ಮೇಲೆ ಚೆನ್ನಾಗಿ ನಾದಿದ ಎಪಾಕ್ಸಿಯ ಕಡಲೆಕಾಳಿನಷ್ಟು ಉಂಡೆ, ಉಂಡೆಯ ಇನ್ನೊಂದು ಮಗ್ಗುಲಿಗೆ ಮತ್ತೆ ಜೆಲ್, ಆಮೇಲೆ ಬಂಡೆ. ಎಪಾಕ್ಸಿ ಗುಳಿಯ ಆಕಾರವನ್ನು ತುಂಬಿಕೊಂಡು ಬಲ ಕೊಡುತ್ತದೆ, ಅದು ಗಟ್ಟಿಯಾಗುವ ತನಕ ಜೆಲ್ ಹಿಡಿದುಕೊಂಡಿರುತ್ತದೆ. ಸಮುದ್ರ ಟ್ಯಾಂಕಿಗೆಂದೇ ತಯಾರಾದ ಎಪಾಕ್ಸಿಯನ್ನೇ ಬಳಸಿ. ಸ್ಕಿಮ್ಮರ್ ಉಕ್ಕುವುದು ಎಪಾಕ್ಸಿಯಿಂದ ನೀರಿಗೆ ಬಿಡುಗಡೆಯಾಗುವ ಪದಾರ್ಥಗಳಿಂದ. ಒಂದೇ ದಿನ ಹೆಚ್ಚು ಬಳಸದೆ, ಆ ದಿನ ಸ್ಕಿಮ್ಮರ್‌ನ ನೀರಿನ ಮಟ್ಟವನ್ನು ಇಳಿಸಿ, ಹೊಸ ಕಾರ್ಬನ್ ಹಾಕಿದರೆ ಸಾಮಾನ್ಯವಾಗಿ ಮರುದಿನ ಸರಿಹೋಗುತ್ತದೆ.

ಇಷ್ಟೊಂದು ಎಚ್ಚರಿಕೆ ಏಕೆಂದರೆ, ಬುಡ ಅಲುಗುತ್ತಿರುವ ಹವಳ ಬಂಡೆಯ ಮೇಲೆ ಹರಡಿಕೊಳ್ಳುವುದಿಲ್ಲ. ಕೊಂಬೆ ಉದ್ದವಾಗುವುದಕ್ಕೆ ಮೊದಲು ಈ ಹವಳಗಳು ಬುಡದಲ್ಲಿ ತೆಳುವಾದ ಅಂಚೊಂದನ್ನು ಹೊರಡಿಸಿ ಅಂಟಿನ ಮೇಲೂ ಕಲ್ಲಿನ ಮೇಲೂ ಹರಡುತ್ತವೆ. ಭೂತಗನ್ನಡಿ ಹಿಡಿದು ನೋಡಿದರೆ ತಿಳಿ ಬಣ್ಣದ, ಇನ್ನೂ ಪಾಲಿಪ್ ಮೂಡದ ಆ ಅಂಚು ಕಾಣಿಸುತ್ತದೆ. ಪ್ರತಿಸಲ ಹವಳ ಓಲಾಡಿದಾಗಲೂ ಅದು ಉಜ್ಜಿ ಹೋಗುತ್ತದೆ, ಹವಳ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಸಮುದ್ರದಲ್ಲಿ ಹವಳ ಪುನಃಸ್ಥಾಪನೆ ಮಾಡುವವರಿಗೂ ಇದೇ ಮುಖ್ಯ ಚಿಂತೆ. ಮನ್ನಾರ್ ಕೊಲ್ಲಿಯಲ್ಲಿ ತೂತ್ತುಕುಡಿಯ ಸಾಗರ ಸಂಶೋಧಕರು ಹವಳದ ತುಂಡುಗಳನ್ನು ಕಾಂಕ್ರೀಟ್ ಚೌಕಟ್ಟುಗಳಿಗೆ ಬಿಗಿದು ಬೆಳೆಸಿದ್ದರ ಹಿಂದಿನ ತರ್ಕವೂ ಇದೇ ಆಗಿದೆ.

ಕೊಂಬೆಯಂತಹ ತುಂಡನ್ನು ನೆಟ್ಟಗೆ ನಿಲ್ಲಿಸುವುದಕ್ಕಿಂತ ಬಂಡೆಯ ಮೇಲೆ ಓರೆಯಾಗಿ ಮಲಗಿಸಿದರೆ ಹೆಚ್ಚು ಜಾಗ ಕಲ್ಲಿಗೆ ತಾಗುತ್ತದೆ, ಬೇಗ ಹರಡಿಕೊಳ್ಳುತ್ತದೆ, ಬೆಳಕಿನ ಕಡೆಗೆ ಹಲವು ಹೊಸ ಕುಡಿಗಳನ್ನೂ ಬಿಡುತ್ತದೆ. ನೋಡಲು ಮೊದಲ ಕೆಲವು ತಿಂಗಳು ಚೆನ್ನಾಗಿರುವುದಿಲ್ಲವೆಂಬುದು ನಿಜ, ಆದರೂ ನನ್ನ ಆಯ್ಕೆ ಯಾವಾಗಲೂ ಇದೇ. ತಟ್ಟೆಯ ಆಕಾರದ ಮಾಂಟಿಪೊರಾವನ್ನು ಮಾತ್ರ ಮೇಲೆ ಕಸ ಕೂರದ ಹಾಗೆ ಸ್ವಲ್ಪ ವಾಲಿಸಿ ಇಡಿ. ಯೂಫಿಲಿಯಾ, ಗ್ಯಾಲಕ್ಸಿಯಾದಂತಹ ಹವಳಗಳು ರಾತ್ರಿ ಚಾಚುವ ಕುಟುಕುವ ಎಳೆಗಳು 15 ಸೆಂಟಿಮೀಟರಿಗಿಂತಲೂ ದೂರ ಹೋಗಬಲ್ಲವು. ಅವುಗಳ ಪಕ್ಕದಲ್ಲಿ ಎಸ್‌ಪಿಎಸ್ ಇಡುವುದೇ ಬೇಡ.

ಪ್ರಶ್ನೆ: ಗೆಳೆಯರೊಬ್ಬರು ಲಕ್ಷದ್ವೀಪಕ್ಕೆ ಹೋಗುತ್ತಿದ್ದಾರೆ. ದಡಕ್ಕೆ ಬಂದು ಬಿದ್ದ ಹವಳದ ತುಂಡುಗಳನ್ನು ತಂದುಕೊಡುವುದಾಗಿ ಹೇಳಿದ್ದಾರೆ. ಜೀವಂತ ಫ್ರ್ಯಾಗ್‌ಗಳನ್ನು ಬಿಲ್ಲಿಲ್ಲದೆ ಮಾರುವವರೂ ಸಿಕ್ಕಿದ್ದಾರೆ. ತೆಗೆದುಕೊಳ್ಳಬಹುದೇ?
— ಓದುಗರು, ಮಲ್ಲೇಶ್ವರ

ಉತ್ತರ: ಎರಡನ್ನೂ ತೆಗೆದುಕೊಳ್ಳಬೇಡಿ. ಭಾರತದ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲ ಅನುಸೂಚಿಗೆ 2001ರಲ್ಲಿ ಕಲ್ಲುಹವಳಗಳನ್ನೆಲ್ಲ ಸೇರಿಸಲಾಗಿದೆ. ಹುಲಿ ಮತ್ತು ಆನೆಗೆ ಇರುವ ರಕ್ಷಣೆಯೇ ಇವಕ್ಕೂ ಇದೆ. ಸತ್ತ ಹವಳ, ದಡಕ್ಕೆ ಬಿದ್ದ ಹವಳ, ಅಲಂಕಾರದ ಹವಳ ಎಂಬ ವಿನಾಯಿತಿ ಇಲ್ಲ. 2022ರ ತಿದ್ದುಪಡಿಯ ಬಳಿಕ ಮೊದಲ ಅನುಸೂಚಿಯ ಜೀವಿಗಳಿಗೆ ಸಂಬಂಧಿಸಿದ ಅಪರಾಧಕ್ಕೆ 3ರಿಂದ 7 ವರ್ಷಗಳವರೆಗೆ ಸೆರೆವಾಸ ಮತ್ತು ಕನಿಷ್ಠ 25,000 ರೂಪಾಯಿ ದಂಡವಿದೆ. ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲೂ ಕಲ್ಲುಹವಳಗಳಿವೆ. ವಿದೇಶದ ಹವಳ ಕೃಷಿಕೇಂದ್ರಗಳಲ್ಲಿ ಬೆಳೆಸಿದ್ದೆಂದು ಹೇಳುವ ಹವಳಕ್ಕೂ ದಾಖಲೆ ಬೇಕೇ ಬೇಕು. ಮಾರುವವರ ಬಾಯಿಮಾತನ್ನು ನಂಬದೆ, ಇರುವ ದಾಖಲೆಗಳ ಪ್ರತಿಯನ್ನು ಹಿಡಿದುಕೊಂಡು ನಿಮ್ಮದೇ ಬಡಾವಣೆಯ 18ನೇ ಅಡ್ಡರಸ್ತೆಯಲ್ಲಿರುವ ಅರಣ್ಯ ಭವನಕ್ಕೆ ಹೋಗಿ, ಅವುಗಳ ಆಧಾರದ ಮೇಲೆ ಹವಳವನ್ನು ಇಟ್ಟುಕೊಳ್ಳಬಹುದೇ ಎಂಬುದನ್ನು ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ. ಸಮಾಧಾನಕರ ಉತ್ತರ ಸಿಗದಿದ್ದರೆ ಆ ಹವಳ ನಿಮ್ಮ ಮನೆಗೆ ಬರಬಾರದು.

ಕಾನೂನನ್ನು ಬದಿಗಿಟ್ಟು ನೋಡಿದರೂ ಈ ನಿರಾಕರಣೆ ಸರಿಯಾದದ್ದೇ. ಲಕ್ಷದ್ವೀಪದ ಹವಳದಿಬ್ಬಗಳು 1998, 2010, 2016 ಮತ್ತು 2024ರಲ್ಲಿ ಸಮುದ್ರ ಬಿಸಿಯಾಗಿ ಬಿಳಿಚಿಕೊಂಡವು. ಒಂದು ಪೆಟ್ಟಿನಿಂದ ಚೇತರಿಸಿಕೊಳ್ಳುವುದರೊಳಗೆ ಇನ್ನೊಂದನ್ನು ತಿನ್ನುತ್ತಿರುವ ದಿಬ್ಬದಿಂದ ಅಂಗೈ ಅಗಲದ ತುಂಡನ್ನೂ ಕೀಳುವ ಹಕ್ಕು ಯಾರಿಗೂ ಇಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ. ಸತ್ತ ತುಂಡುಗಳೂ ಅಲ್ಲಿ ವ್ಯರ್ಥವಲ್ಲ. ಅವು ದ್ವೀಪದ ಮರಳಾಗುತ್ತವೆ, ಹೊಸ ಹವಳದ ಲಾರ್ವಾಗಳು ಕೂರುವ ನೆಲವಾಗುತ್ತವೆ. ನಿಮ್ಮ ಗೆಳೆಯರು ನೀರಿಗಿಳಿದು ಫೋಟೊ ತೆಗೆದುಕೊಂಡು ಬರಲಿ. ಅಷ್ಟು ದೂರ ಹೋಗಲಾಗದವರು ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋದರೆ ನಮ್ಮ ಕರಾವಳಿಯ ಹವಳಗಳನ್ನೇ ಅವು ಇರುವಲ್ಲಿ ನೋಡಬಹುದು.

ಪ್ರಶ್ನೆ: ನನ್ನ ಆಕ್ರೋಪೊರಾ ಬುಡದಿಂದ ಮೇಲಕ್ಕೆ ಬಿಳಿಯಾಗುತ್ತಿದೆ. ನೀರಿನ ಕಾರ್ಬನೇಟ್ ಪ್ರಮಾಣ ತೋರಿಸುವ ಆಲ್ಕಲಿನಿಟಿ, ಡಿಕೆಎಚ್ ಎಂಬ ಮಾನದಲ್ಲಿ, ಒಮ್ಮೆ 7.5 ಬಂದರೆ ಇನ್ನೊಮ್ಮೆ 10 ಬರುತ್ತದೆ. ಪ್ರತಿ ಭಾನುವಾರ ಪರೀಕ್ಷಿಸಿ, ಕೊರತೆಯಿದ್ದಷ್ಟನ್ನೂ ಒಟ್ಟಿಗೆ ಹಾಕುತ್ತೇನೆ. ನೈಟ್ರೇಟ್ ಮತ್ತು ಫಾಸ್ಫೇಟ್ ಸೊನ್ನೆ. ಇದು ಬ್ಲೀಚಿಂಗ್ ಆಗಿರಬಹುದೇ?
— ಓದುಗರು, ರಾಜಾಜಿನಗರ

ಉತ್ತರ: ಬ್ಲೀಚಿಂಗ್ ಅಲ್ಲ. ಬ್ಲೀಚಿಂಗ್ ಆದಾಗ ಹವಳದೊಳಗಿನ ಪಾಚಿಗಳು ಮಾತ್ರ ಹೊರಟುಹೋಗಿರುತ್ತವೆ. ಅಂಗಾಂಶ ಗಾಜಿನಂತೆ ಪಾರದರ್ಶಕವಾಗಿ ಉಳಿದಿರುತ್ತದೆ, ಟಾರ್ಚ್ ಬೆಳಕಿನಲ್ಲಿ ಪಾಲಿಪ್‌ಗಳೂ ಕಾಣುತ್ತವೆ. ನಿಮ್ಮ ವಿವರಣೆಯಂತೆ ಬುಡದಿಂದ ಗೆರೆ ಎಳೆದ ಹಾಗೆ ಬಿಳಿ ಏರುತ್ತಿದ್ದರೆ ಅಂಗಾಂಶವೇ ಕಳಚುತ್ತಿದೆ, ಕಾಣುತ್ತಿರುವುದು ಬರಿಯ ಅಸ್ಥಿ. ಹವ್ಯಾಸಿಗಳು ಇದನ್ನು ಎಸ್‌ಟಿಎನ್ (ಅಂಗಾಂಶದ ನಿಧಾನ ಸಾವು) ಎನ್ನುತ್ತಾರೆ. ಇದೇ ಗಂಟೆಗಳಲ್ಲಿ ನಡೆದುಹೋದರೆ ಆರ್‌ಟಿಎನ್ (ತ್ವರಿತ ಸಾವು).

ನೀವು ಬರೆದ ಅಂಕಿಗಳಲ್ಲೇ ಕಾರಣವಿದೆ. ಏಳೂವರೆಯಲ್ಲಿ ಹವಳ ಬದುಕುತ್ತದೆ, ಹತ್ತರಲ್ಲೂ ಬದುಕುತ್ತದೆ. ವಾರಕ್ಕೊಮ್ಮೆ ಒಂದರಿಂದ ಇನ್ನೊಂದಕ್ಕೆ ಹಾರಿಸಿದರೆ ಮಾತ್ರ ಬದುಕುವುದಿಲ್ಲ. ಈ ಹವಳಗಳು ಹಗಲಿಡೀ ನೀರಿನಿಂದ ಕ್ಯಾಲ್ಸಿಯಂ ಮತ್ತು ಕಾರ್ಬನೇಟ್‌ಗಳನ್ನು ಹೀರಿ ಅರಾಗೊನೈಟ್ ರೂಪದ ಸುಣ್ಣದ ಅಸ್ಥಿಯನ್ನು ಕಟ್ಟುತ್ತಿರುತ್ತವೆ, ಆದ್ದರಿಂದ ಅವು ಬಳಸಿದ್ದನ್ನು ಬಳಸಿದ ವೇಗದಲ್ಲೇ ಹಿಂದಿರುಗಿಸಬೇಕು. ಒಂದು ವಾರ ಪ್ರತಿದಿನ ಒಂದೇ ಹೊತ್ತಿಗೆ, ಏನನ್ನೂ ಸೇರಿಸದೆ, ಆಲ್ಕಲಿನಿಟಿ ಅಳೆದು ಬರೆದುಕೊಳ್ಳಿ. ದಿನಕ್ಕೆ ಸರಾಸರಿ ಎಷ್ಟು ಡಿಕೆಎಚ್ ಇಳಿಯುತ್ತದೆ ಎಂಬುದೇ ನಿಮ್ಮ ಟ್ಯಾಂಕಿನ ದಿನದ ಬಳಕೆ. ನಡುವೆಯೇ 7ರ ಹತ್ತಿರ ಬಂದರೆ ಅಷ್ಟು ದಿನಗಳ ಲೆಕ್ಕವೇ ಸಾಕು. 100 ಲೀಟರ್ ನೀರಿನ ಆಲ್ಕಲಿನಿಟಿಯನ್ನು 1 ಡಿಕೆಎಚ್ ಏರಿಸಲು ಸುಮಾರು 3 ಗ್ರಾಂ ಶುದ್ಧ ಅಡುಗೆ ಸೋಡಾ ಬೇಕು. ಬೇಕಿಂಗ್ ಪೌಡರ್ ಬೇರೆ ಪದಾರ್ಥ, ಅದನ್ನು ಬಳಸಬೇಡಿ. ದಿನದ ಬಳಕೆಗೆ ತಕ್ಕ ಪ್ರಮಾಣವನ್ನು ಆರ್‌ಒ-ಡಿಐ (ಲವಣಗಳನ್ನೆಲ್ಲ ತೆಗೆದ) ನೀರಿನಲ್ಲಿ ಕರಗಿಸಿ, ಡೋಸಿಂಗ್ ಪಂಪ್‌ನ ಮೂಲಕ ದಿನಕ್ಕೆ ಎಂಟೋ ಹತ್ತೋ ಸಣ್ಣ ಪಾಲುಗಳಾಗಿ ಕೊಡಿ. ಪಂಪ್ ಇಲ್ಲದಿದ್ದರೆ ಬೆಳಗ್ಗೆ ಮತ್ತು ರಾತ್ರಿ ಎರಡು ಪಾಲಾಗಿ ಕೈಯಲ್ಲೇ ಹಾಕಿದರೂ ಭಾನುವಾರದ ಪದ್ಧತಿಗಿಂತ ಬಹಳ ಮೇಲು. ಸರಿಪಡಿಸುವ ಸಂದರ್ಭದಲ್ಲೂ ದಿನಕ್ಕೆ 0.5 ಡಿಕೆಎಚ್‌ಗಿಂತ ಹೆಚ್ಚು ಏರಿಸಬೇಡಿ. ಪ್ರತಿ 1 ಡಿಕೆಎಚ್ ಖರ್ಚಾದಾಗ ಸುಮಾರು 7 ಮಿಲಿಗ್ರಾಂ ಕ್ಯಾಲ್ಸಿಯಂ ಕೂಡ ಪ್ರತಿ ಲೀಟರಿನಿಂದ ಖರ್ಚಾಗಿರುತ್ತದೆ. ಅದನ್ನೂ ತುಂಬಬೇಕು, ಆದರೆ ಎರಡನ್ನೂ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ಸುರಿದರೆ ಬಿಳಿಯ ಗಸಿಯಾಗಿ ವ್ಯರ್ಥವಾಗುತ್ತದೆ.

ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಕ್ಯಾಲ್ಸಿಯಂ 400ರಿಂದ 450, ಮೆಗ್ನೀಸಿಯಂ 1,250ರಿಂದ 1,350 ಇರಲಿ; ಲವಣಾಂಶ 35 ಪಿಪಿಟಿ (ಸಾವಿರಕ್ಕೆ 35 ಭಾಗ) ಇರಲಿ. ಆಲ್ಕಲಿನಿಟಿಯನ್ನು 8ರ ಆಸುಪಾಸಿನಲ್ಲಿ ಇರಿಸಿ. ಸೊನ್ನೆ ನೈಟ್ರೇಟ್ ಮತ್ತು ಸೊನ್ನೆ ಫಾಸ್ಫೇಟ್ ಸಾಧನೆಯಂತೆ ಕಂಡರೂ ಅದರಿಂದ ಹವಳ ಹಸಿದಿರುತ್ತದೆ; ಪೋಷಕಾಂಶವಿಲ್ಲದ ನೀರಿನಲ್ಲಿ ಆಲ್ಕಲಿನಿಟಿ ಏರಿದಾಗಲೇ ಕೊಂಬೆಯ ತುದಿಗಳು ಸುಡುವುದು. ಮೀನುಗಳಿಗೆ ಸ್ವಲ್ಪ ಹೆಚ್ಚು ಆಹಾರ ಕೊಟ್ಟು, ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲೇ ನೈಟ್ರೇಟ್ 2ರಿಂದ 10, ಫಾಸ್ಫೇಟ್ 0.03ರಿಂದ 0.1ರ ನಡುವೆ ಬರುವಂತೆ ನೋಡಿಕೊಳ್ಳಿ.

ಈಗಿರುವ ಹವಳವನ್ನು ಉಳಿಸಲು, ಬಿಳಿ ಗೆರೆಯಿಂದ ಒಂದು ಸೆಂಟಿಮೀಟರ್ ಮೇಲೆ, ಆರೋಗ್ಯವಾಗಿರುವ ಭಾಗದಲ್ಲಿ ಬೋನ್ ಕಟರ್‌ನಿಂದ ಕತ್ತರಿಸಿ. ತುದಿಯ ತುಂಡುಗಳನ್ನು ಹೊಸ ಪ್ಲಗ್‌ಗಳ ಮೇಲೆ ಕೂರಿಸಿ, ನೀರು ಚೆನ್ನಾಗಿ ಓಡಾಡುವ ಜಾಗದಲ್ಲಿ ಇಡಿ. ಗೆರೆ ಏರುತ್ತಿರುವಾಗ ಕಾದು ನೋಡುವುದರಿಂದ ಏನೂ ಲಾಭವಿಲ್ಲ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿಗೆ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು ಬರುತ್ತದೆ. ಅಡುಗೆಮನೆಯ ಆರ್‌ಒ ನೀರಿಗೆ ಉಪ್ಪು ಬೆರೆಸಿದರೆ ಸಾಲದೇ?
— ಓದುಗರು, ಎಚ್.ಎಸ್.ಆರ್. ಬಡಾವಣೆ

ಉತ್ತರ: ಸಾಲದು. ಅಡುಗೆಮನೆಯ ಯಂತ್ರವನ್ನು ಕುಡಿಯುವ ನೀರಿನ ರುಚಿಗಾಗಿ ರೂಪಿಸಿರುತ್ತಾರೆ. ಬಹುತೇಕ ಯಂತ್ರಗಳಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) ಹೊಂದಿಸುವ ತಿರುಪು ಅಥವಾ ಖನಿಜ ಸೇರಿಸುವ ಕಾರ್ಟ್ರಿಡ್ಜ್ ಇದ್ದು, ಶುದ್ಧವಾದ ನೀರಿಗೆ ಮತ್ತೆ ಲವಣಗಳು ಸೇರುತ್ತವೆ. ಅದಿಲ್ಲದಿದ್ದರೂ ಬೋರ್‌ವೆಲ್ ನೀರಿನ ಟಿಡಿಎಸ್ 1,000 ಇದ್ದಾಗ ಮೆಂಬ್ರೇನ್ ನೂರಕ್ಕೆ 95ರಷ್ಟನ್ನು ತಡೆದರೂ 50 ಉಳಿಯುತ್ತದೆ. ಆ ಐವತ್ತರಲ್ಲಿ ನೈಟ್ರೇಟ್ ಇದೆಯೋ, ಸಿಲಿಕೇಟ್ ಇದೆಯೋ, ಪೈಪಿನಿಂದ ಬಂದ ತಾಮ್ರವಿದೆಯೋ ಮೀಟರ್ ಹೇಳುವುದಿಲ್ಲ. ಮೆಂಬ್ರೇನ್ ಆದ ಮೇಲೆ, ಉಳಿದ ಲವಣಗಳನ್ನೂ ಹಿಡಿದಿಡುವ ಡಿಐ ರೆಸಿನ್ ತುಂಬಿದ ಇನ್ನೊಂದು ಹಂತ ಬೇಕು. ಹೊರಬರುವ ನೀರಿನ ಟಿಡಿಎಸ್ ಸೊನ್ನೆ ಇರಬೇಕು. ಎಸ್.ಪಿ. ರಸ್ತೆಯಲ್ಲಿ ಸಿಗುವ ಸಾಮಾನ್ಯ ಟಿಡಿಎಸ್ ಮೀಟರ್ ಇದಕ್ಕೆ ಸಾಕು. ಕಾವೇರಿ ನೀರು ಬರುವ ಮನೆಗಳವರು ಮೆಂಬ್ರೇನ್‌ಗೆ ಮೊದಲು ಕಾರ್ಬನ್ ಫಿಲ್ಟರ್ ಇದೆಯೇ ಎಂದು ನೋಡಿಕೊಳ್ಳಿ, ಕ್ಲೋರಿನ್ ಮೆಂಬ್ರೇನನ್ನು ಹಾಳುಮಾಡುತ್ತದೆ.

ಒಂದು ಲೀಟರ್ ಶುದ್ಧ ನೀರಿಗೆ ಎರಡು ಮೂರು ಲೀಟರ್ ಹೊರಹೋಗುತ್ತದೆ ಎಂಬುದನ್ನು ಬೆಂಗಳೂರಿನಲ್ಲಿ ಮರೆಯುವಂತಿಲ್ಲ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದಕ್ಕೂ ಕೈತೋಟಕ್ಕೂ ನಿಷೇಧ ಹೇರಿ 5,000 ರೂಪಾಯಿ ದಂಡ ವಿಧಿಸಿದ್ದನ್ನು ಎಲ್ಲರೂ ಬಲ್ಲರು. ಹೊರಬರುವ ನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟು ನೆಲ ಒರೆಸಲು, ಶೌಚಾಲಯಕ್ಕೆ, ಬಟ್ಟೆಯ ಮೊದಲ ಜಾಲಾಟಕ್ಕೆ ಬಳಸಿ. ಇದಕ್ಕೆ ವ್ಯವಸ್ಥೆ ಮಾಡಿಕೊಳ್ಳಲಾಗದ ಮನೆಯಲ್ಲಿ ದೊಡ್ಡ ಟ್ಯಾಂಕ್ ಇಡಬಾರದೆಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಬೇಸಿಗೆಯಲ್ಲಿ ಟ್ಯಾಂಕಿನ ನೀರು 30 ಡಿಗ್ರಿ ದಾಟುತ್ತದೆ. ಚಿಲ್ಲರ್ ಕೊಳ್ಳುವಷ್ಟು ಅನುಕೂಲವಿಲ್ಲ. ಕರೆಂಟ್ ಹೋದಾಗ ಇನ್ವರ್ಟರ್‌ಗೆ ಯಾವುದನ್ನು ಜೋಡಿಸಬೇಕು?
— ಓದುಗರು, ಯಲಹಂಕ

ಉತ್ತರ: ಬೆಂಗಳೂರಿನ ಹವೆ ಮೊದಲಿನಂತಿಲ್ಲ, 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ದಾಖಲಾಗಿದೆ. ಆದರೂ ನಮ್ಮ ಬೇಸಿಗೆಯ ಮಧ್ಯಾಹ್ನಗಳು ಒಣದಾಗಿರುವುದರಿಂದ ಫ್ಯಾನ್ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಮಂಗಳೂರಿನಲ್ಲಿ ಇಷ್ಟು ಮಾಡದು. 300 ಲೀಟರ್ ನೀರಿನಿಂದ ಒಂದು ಲೀಟರ್ ಆವಿಯಾಗಿ ಹೋದರೆ ಉಳಿದ ನೀರನ್ನು ಸುಮಾರು 2 ಡಿಗ್ರಿ ತಂಪಾಗಿಸುವಷ್ಟು ಶಾಖ ಅದರ ಜತೆ ಹೋಗುತ್ತದೆ. ಟ್ಯಾಂಕಿನ ಮುಚ್ಚಳ ತೆಗೆದು, ಮೀನು ಹಾರದಂತೆ ಬಲೆ ಹಾಕಿ, ನೀರಿನ ಮೇಲ್ಮೈಗೆ ಓರೆಯಾಗಿ ಗಾಳಿ ಬೀಸುವ ಸಣ್ಣ ಫ್ಯಾನ್‌ಗಳನ್ನು ಉಷ್ಣತಾ ನಿಯಂತ್ರಕದ ಮೂಲಕ ಜೋಡಿಸಿ. ಆವಿಯಾದಷ್ಟು ನೀರನ್ನು ಉಪ್ಪಿಲ್ಲದ ಶುದ್ಧ ನೀರಿನಿಂದಲೇ ತುಂಬಬೇಕು, ಅದಕ್ಕೆ ಸ್ವಯಂಚಾಲಿತ ವ್ಯವಸ್ಥೆ ಇದ್ದರೆ ಲವಣಾಂಶ ಏರಿಳಿಯುವುದಿಲ್ಲ. 25ರಿಂದ 26 ಡಿಗ್ರಿ ನಮ್ಮ ಗುರಿ. ಡಿಸೆಂಬರ್-ಜನವರಿಯ ರಾತ್ರಿಗಳಿಗೆ ಹೀಟರ್ ಕೂಡ ಬೇಕೆಂಬುದನ್ನು ನೆನಪಿಡಿ.

ಕರೆಂಟ್ ಹೋದಾಗ ಮೊದಲ ಹಕ್ಕು ನೀರಿನ ಚಲನೆಗೆ. ಡಿಸಿ ವೇವ್‌ಮೇಕರ್ ಒಂದನ್ನು ಬ್ಯಾಟರಿಗೆ ಜೋಡಿಸಿದರೆ ಅದು ಕಡಿಮೆ ವಿದ್ಯುತ್ತಿನಲ್ಲಿ ಗಂಟೆಗಟ್ಟಲೆ ಓಡುತ್ತದೆ. ಅದರ ಮುಖವನ್ನು ಮೇಲ್ಮೈ ಕಡೆಗೆ ತಿರುಗಿಸಿಡಿ. ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿರುವ ನಮ್ಮ ಊರಿನಲ್ಲಿ ನೀರಿನಲ್ಲಿ ಕರಗುವ ಆಮ್ಲಜನಕ ಕರಾವಳಿಗಿಂತ ಸುಮಾರು ಹತ್ತನೇ ಒಂದು ಭಾಗದಷ್ಟು ಕಡಿಮೆಯೇ. ಎರಡನೆಯದು ರಿಟರ್ನ್ ಪಂಪ್. ದೀಪವನ್ನು ಇನ್ವರ್ಟರ್‌ಗೆ ಜೋಡಿಸುವುದೇ ಬೇಡ. ಒಂದು ದಿನ ಬೆಳಕಿಲ್ಲದಿದ್ದರೆ ಹವಳ ಸಾಯುವುದಿಲ್ಲ, ನೀರು ಕೆಲವು ಗಂಟೆ ನಿಂತರೆ ಸಾಯುತ್ತದೆ.

ಪ್ರಶ್ನೆ: ನಮ್ಮ ಯಜಮಾನರು 500 ಲೀಟರಿನ ಟ್ಯಾಂಕನ್ನು ನಮ್ಮ ಹಳೆಯ ಮನೆಯ ಮಹಡಿಯಲ್ಲಿ ಇಡಬೇಕೆಂದಿದ್ದಾರೆ. ಮನೆ ಮದ್ರಾಸ್ ತಾರಸಿಯದು. ಭಾರ ತಡೆಯುತ್ತದೆಯೇ?
— ಓದುಗರು, ಬಸವನಗುಡಿ

ಉತ್ತರ: ನೀರೊಂದೇ 510 ಕಿಲೊಗ್ರಾಂ ದಾಟುತ್ತದೆ, ಗಾಜು, ಸ್ಟ್ಯಾಂಡ್, ಬಂಡೆ, ಮರಳು ಸೇರಿದರೆ 700ರ ಹತ್ತಿರ ಬರುತ್ತದೆ, ಅದೂ ಎರಡು ಚದರ ಮೀಟರಿಗಿಂತ ಕಡಿಮೆ ಜಾಗದ ಮೇಲೆ. ಮರದ ತೊಲೆಗಳ ಮೇಲೆ ಇಟ್ಟಿಗೆ ಜೋಡಿಸಿದ ತಾರಸಿಯ ಮೇಲೆ ಇದನ್ನು ಇಡಬೇಡಿ. ತಾಯಿ, ಟ್ಯಾಂಕಿಗೆ ನೆಲಮಹಡಿಯಲ್ಲಿ ಜಾಗ ಮಾಡಿಕೊಡಿ. ಮಹಡಿಯೇ ಬೇಕೆಂದರೆ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಬಂದು ನೋಡಿದ ಮೇಲಷ್ಟೇ ನಿರ್ಧರಿಸಿ.

ಪ್ರಶ್ನೆ: ಟ್ಯಾಂಕ್ ಆರಂಭಿಸಿ ಮೂರು ತಿಂಗಳಾಗಿದೆ. ಆಕ್ರೋಪೊರಾ ಇಡಬಹುದೇ? ಬೆಳಕು ಎಷ್ಟಿರಬೇಕು?
— ಓದುಗರು, ವಿಜಯನಗರ

ಉತ್ತರ: ಇನ್ನೂ ಕಾಯಿರಿ. ಬಂಡೆಗಳ ಮೇಲೆ ನೇರಳೆ ಬಣ್ಣದ ಕೊರಲೈನ್ ಪಾಚಿ ತಾನಾಗಿ ಹರಡುತ್ತಿದ್ದು, ಆಲ್ಕಲಿನಿಟಿ ಕೆಲವು ತಿಂಗಳು ಒಂದೇ ಮಟ್ಟದಲ್ಲಿ ನಿಂತ ಮೇಲೆ ಮೊದಲು ಮಾಂಟಿಪೊರಾ ಅಥವಾ ಸೀರಿಯಾಟೊಪೊರಾದ ಒಂದು ತುಂಡನ್ನು ಇಟ್ಟು ನೋಡಿ. ಆಕ್ರೋಪೊರಾಕ್ಕೆ ಕನಿಷ್ಠ ಒಂಬತ್ತು ತಿಂಗಳಿಂದ ಒಂದು ವರ್ಷ ವಯಸ್ಸಾದ ಟ್ಯಾಂಕ್ ಉತ್ತಮ. ಬೆಳಕನ್ನು ಅಳೆಯುವ ಪಾರ್ ಮೀಟರ್ ಎರವಲಾಗಿ ಸಿಕ್ಕರೆ ಒಂದು ಸಂಜೆ ಕುಳಿತು ಪ್ರತಿ ಬಂಡೆಯ ಮೇಲೂ ಅಳೆದು ನಕ್ಷೆ ಬರೆದುಕೊಳ್ಳಿ. ಮಾಂಟಿಪೊರಾಕ್ಕೆ 150ರಿಂದ 250, ಆಕ್ರೋಪೊರಾಕ್ಕೆ 200ರಿಂದ 350 ಸಾಕು. ಹೊಸ ಹವಳವನ್ನು ಮೊದಲು ಕೆಳಗಿನ ಜಾಗದಲ್ಲಿ ಇಟ್ಟು ಮೂರು ನಾಲ್ಕು ವಾರಗಳಲ್ಲಿ ಮೇಲಕ್ಕೆ ತನ್ನಿ. ಕಿಟಕಿಯ ಬಿಸಿಲು ಬೇಕಿಲ್ಲ. ಕಿಟಕಿಯ ಗಾಳಿ ಮಾತ್ರ ಬೇಕು, ಮುಚ್ಚಿದ ಕೋಣೆಯಲ್ಲಿ ನಾವು ಬಿಡುವ ಇಂಗಾಲದ ಡೈಆಕ್ಸೈಡ್ ನೀರಿನ ಪಿಎಚ್ ಇಳಿಸುತ್ತದೆ.

ಪ್ರಶ್ನೆ: ಆಕ್ರೋಪೊರಾದ ಬಣ್ಣ ಮಂಕಾಗಿದೆ, ಕೊಂಬೆಗಳ ಮೇಲೆ ಸಣ್ಣ ಸಣ್ಣ ದುಂಡು ಮಚ್ಚೆಗಳಿವೆ. ನೀರಿನ ಅಳತೆಗಳೆಲ್ಲ ಸರಿಯಾಗಿವೆ.
— ಓದುಗರು, ಜೆ.ಪಿ. ನಗರ

ಉತ್ತರ: ನೀರು ಸರಿಯಿದ್ದೂ ಮಚ್ಚೆಗಳು ಮೂಡಿದ್ದರೆ ಆಕ್ರೋಪೊರಾವನ್ನೇ ತಿಂದು ಬದುಕುವ ಚಪ್ಪಟೆಹುಳುವನ್ನು ಶಂಕಿಸಬೇಕು. ಅದರ ಮೈ ಅರೆಪಾರದರ್ಶಕವಾಗಿದ್ದು, ತಿಂದ ಹವಳದ ಬಣ್ಣವನ್ನೇ ಪಡೆದಿರುವುದರಿಂದ ಕಣ್ಣೆದುರಿಗಿದ್ದರೂ ಕಾಣುವುದಿಲ್ಲ. ಸೂಜಿಯಿಲ್ಲದ ದೊಡ್ಡ ಸಿರಿಂಜಿನಲ್ಲಿ ಟ್ಯಾಂಕಿನ ನೀರನ್ನು ತುಂಬಿ ಕೊಂಬೆಗಳ ಮೇಲೆ ರಭಸವಾಗಿ ಚಿಮ್ಮಿಸಿ; ತೆಳುವಾದ ಎಲೆಯಂತಹ ಚೂರುಗಳು ಕಳಚಿ ತೇಲಿದರೆ ಅವೇ ಹುಳುಗಳು. ಬಳಿಕ ಬುಡದ ಸುತ್ತ, ಅಂಗಾಂಶವಿಲ್ಲದ ಬಿಳಿ ಅಸ್ಥಿಯ ಮೇಲೆ ನೋಡಿ. ಅಲ್ಲಿ ಒತ್ತೊತ್ತಾಗಿ ಕೂಡಿಸಿಟ್ಟ ಕಂದುಹೊನ್ನಿನ ಬಣ್ಣದ ಮೊಟ್ಟೆಗಳಿರುತ್ತವೆ.

ಹವಳಗಳಿಗೆಂದು ಮಾರುವ ಕೀಟನಾಶಕ ಡಿಪ್‌ಗಳು (ಹವಳವನ್ನು ಅದ್ದಿ ತೆಗೆಯುವ ದ್ರಾವಣಗಳು) ಹುಳುಗಳನ್ನು ಕೊಲ್ಲುತ್ತವೆ, ಮೊಟ್ಟೆಗಳನ್ನು ಕೊಲ್ಲುವುದಿಲ್ಲ. ಮೊಟ್ಟೆಗಳು ಒಡೆಯಲು ನೀರಿನ ಉಷ್ಣತೆಗೆ ತಕ್ಕಂತೆ ಎರಡು ಮೂರು ವಾರ ಹಿಡಿಯುವುದರಿಂದ ಒಂದೇ ಡಿಪ್‌ನಿಂದ ಪ್ರಯೋಜನವಿಲ್ಲ. ಎಲ್ಲ ಆಕ್ರೋಪೊರಾಗಳನ್ನೂ ಹೊರತೆಗೆದು, ಹಳೆಯ ಪ್ಲಗ್ ಮತ್ತು ಸತ್ತ ಬುಡವನ್ನು ಪೂರ್ತಿ ಕತ್ತರಿಸಿ ಎಸೆದು, ಹೊಸ ಪ್ಲಗ್‌ನ ಮೇಲೆ ಕೂರಿಸಿ, ಬೇರೊಂದು ಟ್ಯಾಂಕಿನಲ್ಲಿ ಆರು ವಾರ ಇಟ್ಟು ವಾರಕ್ಕೊಮ್ಮೆ ಡಿಪ್ ಮಾಡಬೇಕು. ಈ ಹುಳುವಿಗೆ ಬೇರೆ ಆಹಾರವಿಲ್ಲದ ಕಾರಣ ಅಷ್ಟು ವಾರ ಆಕ್ರೋಪೊರಾ ಇಲ್ಲದ ಮುಖ್ಯ ಟ್ಯಾಂಕಿನಲ್ಲಿ ಅದು ಹಸಿದು ಸಾಯುತ್ತದೆ. ಬಂಡೆಗೆ ಗಟ್ಟಿಯಾಗಿ ಹರಡಿಕೊಂಡ ದೊಡ್ಡ ಹವಳವಾಗಿದ್ದರೆ ಬಂಡೆಯ ಸಮೇತ ತೆಗೆಯಿರಿ, ಅದಾಗದಿದ್ದರೆ ಆರೋಗ್ಯವಾದ ಕೊಂಬೆಗಳನ್ನು ಕತ್ತರಿಸಿಕೊಂಡು ಬುಡವನ್ನು ಕೈಬಿಡಬೇಕಾಗುತ್ತದೆ. ಮುಂದೆ ಯಾರ ಮನೆಯಿಂದ ಎಂಥ ಹವಳ ಬಂದರೂ, ಅದರ ಪ್ಲಗ್ಗನ್ನು ಕಳಚಿ, ಡಿಪ್ ಮಾಡಿ, ಪ್ರತ್ಯೇಕ ಟ್ಯಾಂಕಿನಲ್ಲಿ ಇಷ್ಟೇ ವಾರ ಇರಿಸಿದ ಮೇಲೆಯೇ ಮುಖ್ಯ ಟ್ಯಾಂಕಿನ ಬಂಡೆಗೆ ಅಂಟಿಸಿ.